ಹೆಸರು ಯಾರ ಸೊತ್ತು?

೨೦೨೫ನೆಯ ಇಸವಿ ಜುಲೈ ೫ರಂದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಆಸ್ಟನ್ ಭಾಗದಲ್ಲಿರುವ ವಿಲ್ಲಾ ಪಾರ್ಕ್ ಕ್ರೀಡಾಂಗಣದಲ್ಲಿ ನಾಲ್ವರು ವೃದ್ಧರು ರಂಗವನ್ನೇರಿದರು. ಎಲ್ಲರೂ ಎಪ್ಪತ್ತೈದನ್ನು ಮುಟ್ಟಿದವರು, ಇಲ್ಲವೆ ದಾಟಿದವರು. ಗಾಯಕರಾದ ಆಝಿ ಆಸ್ಬರ್ನ್ ಅವರು ಪಾರ್ಕಿನ್‌ಸನ್ ವ್ಯಾಧಿಯಿಂದ ಜರ್ಜರಿತರಾಗಿ, ನಿಂತು ಹಾಡುವ ಶಕ್ತಿಯಿಲ್ಲದೆ, ಸಿಂಹಾಸನದಂತಹ ಒಂದು ಆಸನದಲ್ಲಿ ಕುಳಿತೇ ಹಾಡಿದರು. ಗಿಟಾರ್ ಹಿಡಿದವರು ಟೋನಿ ಅಯೋಮಿ. ಬಾಸ್ ಗಿಟಾರ್ ನುಡಿಸಿದವರು ಗೀಜರ್ ಬಟ್ಲರ್. ಡ್ರಮ್ಮುಗಳ ಹಿಂದೆ ಕುಳಿತವರು ಬಿಲ್ ವಾರ್ಡ್. ನಾಲ್ವರೂ ಅದೇ ಆಸ್ಟನ್ನಿನ ಬೀದಿಗಳಲ್ಲಿ ಬೆಳೆದವರು. 'ಬ್ಲ್ಯಾಕ್ ಸಬತ್' ಎಂಬ ಹೆಸರಿನಿಂದ ಲೋಕವಿಖ್ಯಾತವಾದ ವಾದ್ಯವೃಂದದ ಮೂಲ ಪುರುಷರು ಇವರೇ. ಇಪ್ಪತ್ತು ವರ್ಷಗಳ ಬಳಿಕ ಒಂದೇ ರಂಗದ ಮೇಲೆ ಕೂಡಿದ ಈ ನಾಲ್ವರು ನಾಲ್ಕೇ ಹಾಡುಗಳನ್ನು ಹಾಡಿ ಇಳಿದರು. ಹದಿನೇಳು ದಿನಗಳಾದ ಮೇಲೆ, ಜುಲೈ ೨೨ರಂದು, ಆಸ್ಬರ್ನ್ ತೀರಿಕೊಂಡರು.

ಆ ನಾಲ್ಕು ಹಾಡುಗಳೂ ೧೯೭೦ನೆಯ ಇಸವಿಯವು. ವೃಂದದ ಮೊದಲಿನ ಎರಡು ಧ್ವನಿಮುದ್ರಿಕೆಗಳಿಂದ ಆಯ್ದವು. ಆದರೆ ಇದೇ ಹೆಸರಿನಲ್ಲಿ ೧೯೭೦ರಿಂದ ೨೦೧೩ರವರೆಗೆ ಹೊರಬಂದ ಮುದ್ರಿಕೆಗಳ ಸಂಖ್ಯೆ ಹತ್ತೊಂಬತ್ತು. ಅವುಗಳಲ್ಲಿ ದುಡಿದವರನ್ನೂ ಪ್ರವಾಸಗಳಲ್ಲಿ ಜೊತೆಗೂಡಿದವರನ್ನೂ ಎಣಿಸಿದರೆ ಇಪ್ಪತ್ತಕ್ಕೂ ಮಿಕ್ಕಿದ ಹೆಸರುಗಳು ದೊರೆಯುತ್ತವೆ. ಅಂತ್ಯದ ಸಂಜೆ ಆದಿಯ ನಾಲ್ವರನ್ನೇ ಜನ ಕಾಣಬಯಸಿದ್ದು ಸಹಜ, ಅದನ್ನು ತಪ್ಪೆನ್ನುವಂತಿಲ್ಲ. ಆದರೂ ನಡುವೆ ಬಂದುಹೋದವರು ಯಾರು, ಅವರಿಗೂ ಆ ಹೆಸರಿಗೂ ಇದ್ದ ಸಂಬಂಧವೆಂತಹುದು, ಹೆಸರಿನ ಮೇಲೆ ಯಾರಿಗೆ ಎಷ್ಟು ಹಕ್ಕು ಎಂಬ ಪ್ರಶ್ನೆಗಳು ಆ ಸಂಜೆಯೊಂದಿಗೆ ಮುಗಿದುಹೋಗಲಿಲ್ಲ. ಇಂದು ನಾವು ವಾಚಕರ ಮುಂದಿಡಬಯಸುವುದು ಈ ಪ್ರಶ್ನೆಗಳನ್ನೇ.

ಹೆವಿ ಮೆಟಲ್ ಎಂದು ಕರೆಯಲಾಗುವ ಸಂಗೀತ ನಮ್ಮ ವಾಚಕರೆಲ್ಲರಿಗೂ ರುಚಿಸಬೇಕೆಂದಿಲ್ಲ. ಅದು ಭಾರವಾದ, ಕರ್ಕಶವೆಂದೂ ಕೆಲವರು ಹೇಳುವ ಸಂಗೀತ. ವಿದ್ಯುತ್ ಗಿಟಾರಿನ ಮಂದ್ರ ಸ್ವರಗಳ ಒಂದು ಸಣ್ಣ ಗುಚ್ಛವನ್ನು ಮರಳಿ ಮರಳಿ ನುಡಿಸಿ, ಅದರ ಮೇಲೆ ಹಾಡಿನ ಕಟ್ಟಡವನ್ನು ಎಬ್ಬಿಸುವುದು ಅದರ ಕ್ರಮ. ಆ ಕ್ರಮ ಹುಟ್ಟಿದ್ದು ಕಾರ್ಖಾನೆಗಳ ಊರಿನಲ್ಲಿ, ಒಂದು ಗಾಯದಿಂದ. ೧೯೬೫ರಲ್ಲಿ ಹದಿನೇಳು ವರ್ಷದ ಅಯೋಮಿ ಒಂದು ಲೋಹದ ತಗಡಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಸಂಗೀತವನ್ನೇ ವೃತ್ತಿಯಾಗಿ ಹಿಡಿಯಲೆಂದು ಆ ಕೆಲಸ ಬಿಡುವವರಿದ್ದರು. ಕೊನೆಯ ದಿನವೇ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿ ಹೋದುವು. ಅವರು ಎಡಚರಾದುದರಿಂದ ತಂತಿಗಳನ್ನು ಒತ್ತಬೇಕಾದ ಕೈ ಅದೇ. ಎದೆಗುಂದಿದ್ದ ಹುಡುಗನಿಗೆ ಕಾರ್ಖಾನೆಯ ಮೇಲಧಿಕಾರಿಯೊಬ್ಬರು ಒಂದು ಗ್ರಾಮಾಫೋನ್ ತಟ್ಟೆಯನ್ನು ಕೇಳಿಸಿದರಂತೆ. ಬೆಂಕಿಯಲ್ಲಿ ಕೈ ಸುಟ್ಟುಕೊಂಡು, ಎರಡೇ ಬೆರಳುಗಳ ಬಲದಿಂದ ಗಿಟಾರ್ ನುಡಿಸಿ ಕೀರ್ತಿವಂತರಾದ ಜಾಂಗೊ ರೈನ್‌ಹಾರ್ಟ್ ಅವರ ವಾದನ ಅದರಲ್ಲಿತ್ತು. ಅಯೋಮಿಯವರು ಪ್ಲಾಸ್ಟಿಕ್ ಶೀಸೆಯನ್ನು ಕರಗಿಸಿ ಬೆರಳಿಗೆ ಟೊಪ್ಪಿಗೆಗಳನ್ನು ಮಾಡಿಕೊಂಡರು. ಅದರ ಮೇಲೆ ತೊಗಲನ್ನು ಹೊದಿಸಿದರು. ಮುಂದೆ ತಂತಿಗಳ ಬಿಗಿಯನ್ನು ಸಡಿಲಿಸಿ ಶ್ರುತಿಯನ್ನೇ ಇಳಿಸಿದರು. ಹೀಗೆ ಇಳಿದ ಶ್ರುತಿಯೇ ಮುಂದೆ ಒಂದು ಸಂಗೀತ ಪ್ರಕಾರದ ಲಕ್ಷಣವಾಯಿತು.

ಇಷ್ಟನ್ನು ಕೇಳಿದೊಡನೆ, ವೃಂದವೆಂದರೆ ಅಯೋಮಿಯವರೇ ಅಲ್ಲವೆ ಎಂದು ಯಾರಾದರೂ ಕೇಳಿಯಾರು. ಹಾಗೆ ಹೇಳುವುದು ಸುಲಭ. ಆದರೆ ಅದು ಪೂರ್ಣ ಸತ್ಯವಲ್ಲ. ೧೯೬೮ರಲ್ಲಿ ನಾಲ್ವರೂ ಕೂಡಿದಾಗ ಪ್ರತಿಯೊಬ್ಬರೂ ಒಂದೊಂದು ಗುಣವನ್ನು ತಂದರು. ಸ್ವರಗುಚ್ಛ ಅಯೋಮಿಯವರದು. ಅದಕ್ಕೆ ಹೊಂದುವ ಹಾಡಿನ ಧಾಟಿ ಆಸ್ಬರ್ನ್ ಅವರದು. ಮಾತುಗಳನ್ನು ಬಹುಮಟ್ಟಿಗೆ ಬರೆದವರು ಬಟ್ಲರ್. ಯುದ್ಧ, ಭಯ, ಮನಸ್ಸಿನ ಕತ್ತಲೆ ಮುಂತಾದ ವಸ್ತುಗಳನ್ನು ಹಾಡಿಗೆ ತಂದವರು ಅವರು. ಭಾರವಾದ ಆ ಸಂಗೀತದೊಳಗೆ ಜಾಝ್ ಸಂಗೀತದ ಓಲಾಟವನ್ನು ಉಳಿಸಿದವರು ವಾರ್ಡ್. ಆ ಕಾಲದ ಮುದ್ರಿಕೆಗಳಲ್ಲಿ ಹಾಡುಗಳ ಕರ್ತೃಗಳೆಂದು ನಾಲ್ವರ ಹೆಸರನ್ನೂ ಒಟ್ಟಿಗೆ ಅಚ್ಚು ಹಾಕಿಸಿದ್ದು ಸೌಜನ್ಯಕ್ಕಾಗಿ ಮಾತ್ರವಲ್ಲ. ವಸ್ತುಸ್ಥಿತಿ ಇದ್ದದ್ದೇ ಹಾಗೆ. ಇನ್ನು ಹೆಸರಿನ ಮಾತು. ಅವರು ಮೊದಲು ಇಟ್ಟುಕೊಂಡದ್ದು ಬೇರೆ ಹೆಸರು. ಬಳಿಕ 'ಅರ್ಥ್' ಎಂದು ಕರೆದುಕೊಂಡರು. ಅದೇ ಹೆಸರಿನ ಮತ್ತೊಂದು ತಂಡವಿದ್ದುದರಿಂದ ೧೯೬೯ರಲ್ಲಿ 'ಬ್ಲ್ಯಾಕ್ ಸಬತ್' ಎಂದು ಬದಲಾಯಿಸಿದರು. ಇದು ಬೋರಿಸ್ ಕಾರ್ಲಾಫ್ ನಟಿಸಿದ ೧೯೬೩ರ ಒಂದು ಚಲನಚಿತ್ರದ ಹೆಸರು. ಮುಂದೆ ಯಾವ ಹೆಸರಿಗಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತೋ ಆ ಹೆಸರೇ ಮೂಲದಲ್ಲಿ ಎರವಲು ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಸ್ಥಿರಸ್ತಂಭವೆಂದು ಹೆಸರಾದ ಅಯೋಮಿಯವರೇ ಮೊದಲು ವೃಂದವನ್ನು ಬಿಟ್ಟುಹೋದವರು ಎಂಬುದು ಇಲ್ಲಿಯ ಇನ್ನೊಂದು ಸ್ವಾರಸ್ಯ. ೧೯೬೮ರ ಕೊನೆಯಲ್ಲಿ ಅವರು ಜೆತ್ರೊ ಟಲ್ ಎಂಬ ತಂಡಕ್ಕೆ ಸೇರಿದರು. ಆ ವರ್ಷದ ಡಿಸೆಂಬರಿನಲ್ಲಿ ರೋಲಿಂಗ್ ಸ್ಟೋನ್ಸ್ ತಂಡದವರು ಏರ್ಪಡಿಸಿದ್ದ ಚಿತ್ರೀಕರಣದಲ್ಲಿಯೂ ಕಾಣಿಸಿಕೊಂಡರು. ಆದರೆ ಅನ್ಯರ ಮನೆಯಲ್ಲಿ ಮನಸ್ಸು ನಿಲ್ಲದೆ ಕೆಲವೇ ವಾರಗಳಲ್ಲಿ ಆಸ್ಟನ್ನಿಗೆ ಮರಳಿದರು. ಬರಿಗೈಯಲ್ಲಿ ಮರಳಲಿಲ್ಲ, ಕ್ರಮವರಿತು ದುಡಿಯಬೇಕೆಂಬ ಶಿಸ್ತನ್ನು ಅಲ್ಲಿಂದ ಕಲಿತು ತಂದರು, ನಿಯಮಿತವಾದ ಅಭ್ಯಾಸವನ್ನು ಗೆಳೆಯರ ಮೇಲೆ ಹೇರಿದರು. ೧೯೭೦ರ ಫೆಬ್ರವರಿ ೧೩ರಂದು ಹೊರಬಂದ ಮೊದಲ ಮುದ್ರಿಕೆಯನ್ನು ಹೆಚ್ಚು ಕಡಮೆ ಒಂದೇ ದಿನದಲ್ಲಿ ಹಾಡಿ ಮುಗಿಸಲು ಅವರಿಗೆ ಸಾಧ್ಯವಾದದ್ದು ಈ ಅಭ್ಯಾಸದ ಬಲದಿಂದಲೇ. ಹೊರಗೆ ಹೋಗಿ ಬಂದವನಿಂದ ಮನೆಗೆ ಲಾಭವಾಗುವುದೂ ಉಂಟು.

ಆದರೆ ಎಲ್ಲ ಅಗಲಿಕೆಗಳೂ ಹೀಗೆ ಸುಖಾಂತವಾಗಲಿಲ್ಲ. ೧೯೭೦ರ ದಶಕ ಮುಗಿಯುವ ಹೊತ್ತಿಗೆ ಹಣ, ಕುಡಿತ, ಮಾದಕ ವಸ್ತುಗಳು ಮತ್ತು ಬಿಡುವಿಲ್ಲದ ಪ್ರವಾಸ ಇವು ನಾಲ್ವರನ್ನೂ ಹಣ್ಣು ಮಾಡಿದ್ದುವು. ೧೯೭೭ರಲ್ಲಿ ಆಸ್ಬರ್ನ್ ಹೊರನಡೆದರು. ಡೇವ್ ವಾಕರ್ ಎಂಬ ಗಾಯಕರನ್ನು ಕರೆತಂದು ಹೊಸ ಹಾಡುಗಳನ್ನು ಕಟ್ಟುತ್ತಿರುವಾಗಲೇ, ಮರುವರ್ಷದ ಆದಿಯಲ್ಲಿ, ಆಸ್ಬರ್ನ್ ಹಿಂತಿರುಗಿದರು. ವಾಕರ್ ಇದ್ದಾಗ ಕಟ್ಟಿದ ಹಾಡುಗಳನ್ನು ಹಾಡಲು ಅವರು ಒಪ್ಪಲಿಲ್ಲ, ವಾಕರ್ ಹೊರಟುಹೋಗಬೇಕಾಯಿತು. ಇಂದು ಅವರ ಹೆಸರು ವೃಂದದ ಚರಿತ್ರೆಯಲ್ಲಿ ಒಂದೆರಡು ಸಾಲಿನ ಮಾತು. ೧೯೭೯ರ ಏಪ್ರಿಲಿನಲ್ಲಿ ಆಸ್ಬರ್ನ್ ಅವರನ್ನೇ ತೆಗೆದುಹಾಕಲಾಯಿತು. ಈ ನಿಷ್ಠುರ ವಾರ್ತೆಯನ್ನು ತಿಳಿಸುವ ಕರ್ತವ್ಯ ಅವರ ಪರಮ ಮಿತ್ರರಾಗಿದ್ದ ವಾರ್ಡ್ ಅವರ ಪಾಲಿಗೆ ಬಂತು. ಕುಡಿತದ ಕಾರಣದಿಂದ ಒಬ್ಬನನ್ನು ಹೊರಗೆ ಹಾಕಿದವರು ತಾವೂ ಅದೇ ಕೆಸರಿನಲ್ಲಿ ನಿಂತಿದ್ದರು ಎಂಬುದನ್ನು ಮುಂದೆ ಅವರೇ ಮರೆಮಾಚದೆ ಒಪ್ಪಿಕೊಂಡಿದ್ದಾರೆ.

ಆಸ್ಬರ್ನ್ ಹೋದೊಡನೆ ವೃಂದದ ಕತೆ ಮುಗಿಯಿತೆಂದು ಬಗೆದವರಿಗೆ ೧೯೮೦ರಲ್ಲಿ ಅಚ್ಚರಿ ಕಾದಿತ್ತು. ಅಮೆರಿಕದ ರಾನಿ ಜೇಮ್ಸ್ ಡಿಯೊ ಗಾಯಕರಾಗಿ ಬಂದರು. 'ಹೆವನ್ ಅಂಡ್ ಹೆಲ್' ಎಂಬ ಮುದ್ರಿಕೆ ಹೊರಬಂತು. ಇದು ಹಳೆಯದರ ಅನುಕರಣವಾಗಿರಲಿಲ್ಲ. ಆಸ್ಬರ್ನ್ ಅವರ ಧ್ವನಿ ಗಿಟಾರಿನ ಸ್ವರಗುಚ್ಛದ ಜೊತೆಜೊತೆಗೇ ನಡೆಯುತ್ತಿತ್ತು. ಡಿಯೊ ಅವರ ಧ್ವನಿ ಆ ಸ್ವರಗಳನ್ನು ಅಡ್ಡಹಾಯ್ದು ತನ್ನದೇ ದಾರಿಯನ್ನು ಹಿಡಿಯುತ್ತಿತ್ತು. ಅದರಿಂದಾಗಿ ಗಿಟಾರಿಗೂ ಹೊಸ ದಾರಿಗಳು ತೆರೆದುವು. ಮಾತುಗಳನ್ನು ಬರೆಯುವ ಹೊಣೆಯನ್ನೂ ಡಿಯೊ ಅವರೇ ಹೊತ್ತುದರಿಂದ ಬಟ್ಲರ್ ಅವರ ಹೆಗಲಿನ ಭಾರ ಇಳಿಯಿತು. ಒಬ್ಬ ವ್ಯಕ್ತಿ ಬದಲಾದರೆ ಅವನೊಬ್ಬನ ಸ್ಥಾನ ಮಾತ್ರ ಬದಲಾಗುವುದಿಲ್ಲ, ಉಳಿದವರೂ ಬೇರೆಯವರಾಗುತ್ತಾರೆ. ವಾದ್ಯವೃಂದದ ಈ ಸೂಕ್ಷ್ಮವನ್ನು ಅರಿಯಬೇಕೆನ್ನುವವರು ೧೯೭೦ರ ಮೊದಲ ಮುದ್ರಿಕೆಯನ್ನೂ ೧೯೮೦ರ ಈ ಮುದ್ರಿಕೆಯನ್ನೂ ಒಂದರ ಬಳಿಕ ಒಂದರಂತೆ ಕೇಳಿದರೆ ಸಾಕು.

ಇಲ್ಲಿಂದ ಮುಂದೆ ಬದಲಾವಣೆಯೇ ನಿಯಮವಾಯಿತು. ೧೯೮೦ರ ಆಗಸ್ಟಿನಲ್ಲಿ, ಅಮೆರಿಕದ ಪ್ರವಾಸದ ನಡುವೆಯೇ, ಕುಡಿತದಿಂದ ಕುಸಿದಿದ್ದ ವಾರ್ಡ್ ಹೊರಟುಹೋದರು. ವಿನ್ನಿ ಅಪೀಸ್ ಬಂದರು. ೧೯೮೨ರಲ್ಲಿ ಒಂದು ಕಚೇರಿ ಮುದ್ರಿಕೆಯ ಧ್ವನಿಗಳನ್ನು ಹದಗೊಳಿಸುವ ವಿಚಾರದಲ್ಲಿ ಜಗಳ ಹುಟ್ಟಿ ಡಿಯೊ ಮತ್ತು ಅಪೀಸ್ ಇಬ್ಬರೂ ಹೊರಬಿದ್ದರು. ೧೯೮೩ರಲ್ಲಿ ಡೀಪ್ ಪರ್ಪಲ್ ತಂಡದಿಂದ ಹೆಸರು ಗಳಿಸಿದ್ದ ಇಯಾನ್ ಗಿಲನ್ ಬಂದು ಒಂದು ಮುದ್ರಿಕೆಯಲ್ಲಿ ಹಾಡಿದರು. ಅದರ ಮುದ್ರಣಕ್ಕೆ ವಾರ್ಡ್ ಮರಳಿದರಾದರೂ ಪ್ರವಾಸದ ಹೊತ್ತಿಗೆ ಅವರ ಸ್ಥಾನದಲ್ಲಿ ಬೆವ್ ಬೆವನ್ ಇದ್ದರು. ಮರುವರ್ಷ ಗಿಲನ್ ಹೋದರು. ಬಟ್ಲರ್ ಅವರೂ ಹೋದರು. ೧೯೮೫ರ ಜುಲೈ ೧೩ರಂದು ಕ್ಷಾಮಪೀಡಿತರ ನೆರವಿಗಾಗಿ ಫಿಲಡೆಲ್ಫಿಯದಲ್ಲಿ ನಡೆದ ಮಹಾ ಕಚೇರಿಯಲ್ಲಿ ಮೂಲದ ನಾಲ್ವರು ಒಂದು ದಿನದ ಮಟ್ಟಿಗೆ ಕೂಡಿದ್ದುಂಟು. ಅದು ಮುಗಿದೊಡನೆ ಅಯೋಮಿಯವರು ಮತ್ತೆ ಏಕಾಕಿ.

ಹೆಸರಿನ ಪ್ರಶ್ನೆ ತನ್ನ ನಿಜವಾದ ರೂಪದಲ್ಲಿ ಎದ್ದುನಿಂತದ್ದು ೧೯೮೬ರಲ್ಲಿ. ಆ ವರ್ಷ ಅಯೋಮಿಯವರು ಗ್ಲೆನ್ ಹ್ಯೂಸ್ ಎಂಬ ಗಾಯಕರನ್ನು ಜೊತೆಗಿಟ್ಟುಕೊಂಡು ಸಿದ್ಧಪಡಿಸಿದ 'ಸೆವೆಂತ್ ಸ್ಟಾರ್' ಎಂಬ ಮುದ್ರಿಕೆ ಅವರ ಸ್ವಂತ ಹೆಸರಿನಲ್ಲಿ ಹೊರಬರಬೇಕಾಗಿತ್ತು. ಅವರ ಇಚ್ಛೆಯೂ ಅದೇ ಆಗಿತ್ತು. ಮುದ್ರಿಕೆಯ ಕಂಪೆನಿ ಒಪ್ಪಲಿಲ್ಲ. ಹಳೆಯ ಹೆಸರಿಗೆ ಇರುವ ಬೆಲೆ ಹೊಸ ಹೆಸರಿಗೆ ಇಲ್ಲವೆಂಬುದು ವ್ಯಾಪಾರಿಗಳಿಗೆ ಗೊತ್ತು. ಕಟ್ಟಕಡೆಗೆ 'ಬ್ಲ್ಯಾಕ್ ಸಬತ್' ಎಂಬ ಹೆಸರಿನೊಂದಿಗೆ ಅಯೋಮಿಯವರ ಹೆಸರನ್ನೂ ಜೋಡಿಸಿ ಮುದ್ರಿಕೆ ಹೊರಟಿತು. ಮೂಲದ ಮೂವರು ಅದರಲ್ಲಿರಲಿಲ್ಲ. ನಾಲ್ಕನೆಯವರಿಗೆ ಆ ಹೆಸರು ಬೇಕಾಗಿರಲಿಲ್ಲ. ಆದರೂ ಹೆಸರು ಮಾತ್ರ ಇತ್ತು. ಸಂಗೀತಗಾರರು ಹೆಸರನ್ನು ಧರಿಸುವ ಕಾಲ ಹೋಗಿ, ಹೆಸರೇ ಸಂಗೀತಗಾರರನ್ನು ಧರಿಸುವ ಕಾಲ ಬಂದಿತ್ತು. ಆ ಪ್ರವಾಸದ ಆರಂಭದಲ್ಲಿಯೇ ಹ್ಯೂಸ್ ಅವರ ಕಂಠ ಕೈಕೊಟ್ಟಿತು. ರೇ ಗಿಲನ್ ಎಂಬ ತರುಣರು ಅವರ ಸ್ಥಾನಕ್ಕೆ ಬಂದರು.

ಮರುವರ್ಷದ 'ದಿ ಎಟರ್ನಲ್ ಐಡಲ್' ಮುದ್ರಿಕೆಯಂತೂ ಒಂದು ಧರ್ಮಛತ್ರದಂತೆ ಇತ್ತು. ಅದು ಸಿದ್ಧವಾಗುತ್ತಿರುವಾಗಲೇ ಬಾಸ್ ನುಡಿಸುವವರು ಬದಲಾದರು. ರೇ ಗಿಲನ್ ಹಾಡಿ ಮುಗಿಸಿದ ಮೇಲೆ ಬಿಟ್ಟುಹೋದರು. ಅವರು ಹಾಡಿದ್ದ ಹಾಡುಗಳನ್ನೆಲ್ಲ ಬರ್ಮಿಂಗ್‌ಹ್ಯಾಮಿನವರೇ ಆದ ಟೋನಿ ಮಾರ್ಟಿನ್ ಎಂಬ, ಆವರೆಗೆ ಹೊರಗೆ ಅಷ್ಟಾಗಿ ಹೆಸರು ಕೇಳಿರದ ಗಾಯಕರು ಮತ್ತೆ ಹಾಡಿಕೊಟ್ಟರು. ಇನ್ನೊಬ್ಬರಿಗಾಗಿ ಹೊಲಿದ ಅಂಗಿಯನ್ನು ತೊಟ್ಟು ರಂಗಕ್ಕೆ ಬಂದ ಈ ಗಾಯಕರು ಅಲ್ಲಿಂದ ಮುಂದೆ, ನಡುವೆ ಒಂದು ಬಿಡುವಿನ ಹೊರತು, ಸುಮಾರು ಹತ್ತು ವರ್ಷ ವೃಂದದ ಧ್ವನಿಯಾದರು. ಐದು ಮುದ್ರಿಕೆಗಳಲ್ಲಿ ಹಾಡಿದರು. ಗಾಯಕರ ಪಟ್ಟಿಯಲ್ಲಿ ಆಸ್ಬರ್ನ್ ಅವರ ಒಂಬತ್ತರ ಬಳಿಕ ಅತ್ಯಂತ ದೊಡ್ಡ ಸಂಖ್ಯೆ ಮಾರ್ಟಿನ್ ಅವರ ಈ ಐದು. ಡಿಯೊ ಅವರದು ಮೂರು. ಗಿಲನ್ ಮತ್ತು ಹ್ಯೂಸ್ ಅವರದು ಒಂದೊಂದು. ಕೋಜಿ ಪವೆಲ್ ಅವರಂತಹ ನುರಿತ ಡ್ರಮ್ ವಾದಕರು ಜೊತೆಯಾದ ಮೇಲೆ ಹೊರಬಂದ ೧೯೮೯ರ 'ಹೆಡ್‌ಲೆಸ್ ಕ್ರಾಸ್' ಮುದ್ರಿಕೆಯನ್ನು ಮೆಚ್ಚುವವರು ಇಂದಿಗೂ ಇದ್ದಾರೆ. ೧೯೯೫ರ 'ಫರ್ಬಿಡನ್' ಸೋಲನ್ನು ಕಂಡಿತೆಂಬುದೂ ನಿಜ.

ಇಷ್ಟಾದರೂ ೧೯೯೭ರಲ್ಲಿ ಮೂಲದವರು ಮತ್ತೆ ಕೂಡಿದಾಗ ಮಾರ್ಟಿನ್ ಅವರ ಹತ್ತು ವರ್ಷ ಗಾಳಿಗೆ ಹಾರಿದ ಹೊಟ್ಟಿನಂತಾಯಿತು. ಅವರು ಹಾಡಿದ ಮುದ್ರಿಕೆಗಳಲ್ಲಿ ಹಲವು ಬಹುಕಾಲ ಅಂಗಡಿಗಳಲ್ಲಿ ದೊರೆಯದೆ ಹೋದುವು. ೨೦೦೬ರಲ್ಲಿ ಅಮೆರಿಕದ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಸಂಸ್ಥೆ ವೃಂದವನ್ನು ಗೌರವಿಸಿದಾಗ ಸೇರಿಸಿಕೊಂಡದ್ದು ಮೂಲದ ನಾಲ್ವರನ್ನು ಮಾತ್ರ. ಮಾರ್ಟಿನ್ ಇರಲಿ, ಡಿಯೊ ಅವರಿಗೂ ಅಲ್ಲಿ ಸ್ಥಳವಾಗಲಿಲ್ಲ. ೨೦೧೯ರಲ್ಲಿ ಬರ್ಮಿಂಗ್‌ಹ್ಯಾಮಿನ ಬ್ರಾಡ್ ಸ್ಟ್ರೀಟಿನ ಕಾಲುವೆಯ ಸೇತುವೆಗೆ ವೃಂದದ ಹೆಸರಿಟ್ಟು, ಅಲ್ಲಿ ಒಂದು ಬೆಂಚನ್ನು ನಿಲ್ಲಿಸಿದರು. ಅದರ ಮೇಲೆಯೂ ನಾಲ್ಕೇ ಮುಖಗಳು. ಮಾರ್ಟಿನ್ ಕಾಲದ ಮುದ್ರಿಕೆಗಳಲ್ಲಿ ನಾಲ್ಕನ್ನು ಒಂದು ಸಂಪುಟವಾಗಿ ಮತ್ತೆ ಹೊರತಂದದ್ದು ೨೦೨೪ರಲ್ಲಿ. ನ್ಯಾಯ ತಡವಾಗಿ ಬಂದರೂ ಬಂದಿತಲ್ಲ ಎಂದು ಸಮಾಧಾನಪಡಬೇಕು.

ಜೆಫ್ ನಿಕೋಲ್ಸ್ ಅವರ ಕತೆ ಇನ್ನೂ ಮರುಕ ಹುಟ್ಟಿಸುವಂತಹುದು. ಅವರೂ ಬರ್ಮಿಂಗ್‌ಹ್ಯಾಮಿನವರು, ೧೯೭೯ರಿಂದ ೨೦೦೪ರವರೆಗೆ ಕಾಲು ಶತಮಾನ ವೃಂದಕ್ಕೆ ಕೀಬೋರ್ಡ್ ನುಡಿಸಿದರು. ಅಯೋಮಿಯವರನ್ನು ಬಿಟ್ಟರೆ ಇಷ್ಟು ಕಾಲ ಎಡೆಬಿಡದೆ ಜೊತೆಯಲ್ಲಿದ್ದವರು ವಿರಳ. ಆದರೆ ಕಚೇರಿಗಳಲ್ಲಿ ಅವರನ್ನು ಅನೇಕ ವೇಳೆ ರಂಗದ ಮೇಲೆ ಕೂಡಿಸದೆ ಪರದೆಯ ಮರೆಯಲ್ಲಿ ಕೂಡಿಸುತ್ತಿದ್ದರು. ಭಾರವಾದ ಸಂಗೀತದ ವೃಂದದಲ್ಲಿ ಕೀಬೋರ್ಡ್ ಕಣ್ಣಿಗೆ ಬೀಳಬಾರದೆಂಬ ಎಣಿಕೆ ಇದ್ದಿರಬೇಕು. ಸಾವಿರಾರು ಜನ ಅವರ ವಾದನವನ್ನು ಕೇಳಿದರು. ನುಡಿಸುತ್ತಿರುವವರು ಯಾರೆಂಬುದನ್ನು ಅರಿಯಲಿಲ್ಲ. ೨೦೧೭ರ ಜನವರಿ ೨೮ರಂದು ಅವರು ತೀರಿಕೊಂಡರು. ಸರಿಯಾಗಿ ಒಂದು ವಾರದ ಬಳಿಕ, ಫೆಬ್ರವರಿ ೪ರಂದು, ಅದೇ ಊರಿನಲ್ಲಿ ವೃಂದ ತನ್ನ ವಿದಾಯದ ಪ್ರವಾಸದ ಕೊನೆಯ ಕಚೇರಿಯನ್ನು ನಡೆಸಿತು.

ಹೆಸರಿನ ವಿಚಾರದಲ್ಲಿ ಮತ್ತೂ ಒಂದು ವಿಚಿತ್ರವನ್ನು ಹೇಳದೆ ಇರಲಾಗದು. ೧೯೮೧ರಲ್ಲಿ ಅಯೋಮಿ, ಬಟ್ಲರ್, ಡಿಯೊ, ಅಪೀಸ್ ಈ ನಾಲ್ವರು 'ಬ್ಲ್ಯಾಕ್ ಸಬತ್' ಎಂಬ ಹೆಸರಿನಲ್ಲಿ ಒಂದು ಮುದ್ರಿಕೆಯನ್ನು ತಂದರು. ೧೯೯೨ರಲ್ಲಿ ಅದೇ ನಾಲ್ವರು ಮತ್ತೆ ಕೂಡಿ ಅದೇ ಹೆಸರಿನಲ್ಲಿ ಮತ್ತೊಂದನ್ನು ತಂದರು. ಆ ವರ್ಷದ ನವೆಂಬರಿನಲ್ಲಿ ಕ್ಯಾಲಿಫೋರ್ನಿಯದ ಕೋಸ್ಟ ಮೇಸದಲ್ಲಿ ಆಸ್ಬರ್ನ್ ಅವರ ವಿದಾಯವೆಂದು ಆಗ ಸಾರಲಾಗಿದ್ದ ಕಚೇರಿಗೆ ಪೂರ್ವಭಾವಿಯಾಗಿ ನುಡಿಸಬೇಕೆಂದಾಗ ಡಿಯೊ ಒಪ್ಪದೆ ಹೊರಟುಹೋದರು. ರಾಬ್ ಹ್ಯಾಲ್‌ಫರ್ಡ್ ಎಂಬ ಬೇರೊಂದು ತಂಡದ ಗಾಯಕರು ಅವರ ಸ್ಥಾನದಲ್ಲಿ ನಿಂತು ಮಾನ ಉಳಿಸಿದರು. ಮುಂದೆ ೨೦೦೬ರಲ್ಲಿ ಅದೇ ನಾಲ್ವರು ಮೂರನೆಯ ಸಲ ಕೂಡಿದಾಗ ಮಾತ್ರ ತಮ್ಮನ್ನು 'ಹೆವನ್ ಅಂಡ್ ಹೆಲ್' ಎಂದು ಕರೆದುಕೊಂಡರು. ೨೦೧೦ರ ಮೇ ೧೬ರಂದು ಡಿಯೊ ತೀರಿಕೊಳ್ಳುವವರೆಗೂ ಅದೇ ಹೆಸರು ನಿಂತಿತು. ೧೯೮೬ರಲ್ಲಿ ಹೆಸರು ಇತ್ತು, ಜನರಿರಲಿಲ್ಲ. ೨೦೦೬ರಲ್ಲಿ ಜನರಿದ್ದರು, ಹೆಸರಿರಲಿಲ್ಲ. ಇನ್ನು ೨೦೦೯ರಲ್ಲಿ ಹೆಸರಿನ ಒಡೆತನದ ವಿಷಯವಾಗಿ ಆಸ್ಬರ್ನ್ ಅವರು ಅಯೋಮಿಯವರ ಮೇಲೆ ನ್ಯೂಯಾರ್ಕಿನ ನ್ಯಾಯಾಲಯದಲ್ಲಿ ದಾವೆ ಹೂಡಿದರು; ಮರುವರ್ಷ ಅದು ರಾಜಿಯಲ್ಲಿ ಮುಗಿಯಿತು.

ರಾಜಿಯಾದ ಮೇಲೆಯೂ ಒಂದು ಗಾಯ ಉಳಿಯಿತು. ೨೦೧೧ರ ನವೆಂಬರಿನಲ್ಲಿ ಮೂಲದ ನಾಲ್ವರೂ ಹೊಸ ಮುದ್ರಿಕೆಯೊಂದನ್ನು ತರುವುದಾಗಿ ಸಾರಿದರು. ಮರುವರ್ಷದ ಆದಿಯಲ್ಲಿ ಅಯೋಮಿಯವರಿಗೆ ಲಿಂಫೋಮ ಎಂಬ ಅರ್ಬುದ ರೋಗವಿರುವುದು ಪ್ರಕಟವಾಯಿತು. ಅದರ ಬೆನ್ನಿಗೇ, ತಮ್ಮ ಮುಂದಿಟ್ಟ ಕರಾರು ಸಹಿ ಹಾಕತಕ್ಕದ್ದಲ್ಲವೆಂದು ಹೇಳಿ ವಾರ್ಡ್ ಹಿಂದೆ ಸರಿದರು. ಚಿಕಿತ್ಸೆಯ ನಡುವೆಯೇ ಅಯೋಮಿಯವರು ಕೆಲಸ ಮುಂದುವರಿಸಿದರು. ಬ್ರ್ಯಾಡ್ ವಿಲ್ಕ್ ಎಂಬ ಅಮೆರಿಕದ ವಾದಕರು ಡ್ರಮ್ಸ್ ನುಡಿಸಿದರು. ೨೦೧೩ರ ಜೂನಿನಲ್ಲಿ ಹೊರಬಂದ '೧೩' ಎಂಬ ಆ ಮುದ್ರಿಕೆ ಇಂಗ್ಲೆಂಡು, ಅಮೆರಿಕ ಎರಡೂ ಕಡೆ ಮಾರಾಟದ ಪಟ್ಟಿಯಲ್ಲಿ ಅಗ್ರಸ್ಥಾನಕ್ಕೇರಿತು. ಜನರು ನಾಲ್ವರಲ್ಲಿ ಮೂವರಿದ್ದರೆ ಸಾಕೆಂದರು ಎಂದು ಇದರಿಂದ ತೀರ್ಮಾನಿಸಬಹುದೆ? ಮಾರಾಟ ಒಂದು ಅಳತೆ. ನ್ಯಾಯ ಇನ್ನೊಂದು ಅಳತೆ. ೨೦೧೭ರ ವಿದಾಯದ ಕಚೇರಿಯಲ್ಲಿಯೂ ವಾರ್ಡ್ ಇರಲಿಲ್ಲವೆಂಬ ಕೊರಗು ಅಭಿಮಾನಿಗಳನ್ನು ಬಿಡಲಿಲ್ಲ.

ಹಾಗಾದರೆ ಹೆಸರು ಯಾರ ಸೊತ್ತು? ಹುಟ್ಟಿಸಿದ ನಾಲ್ವರದೇ ಎನ್ನುವುದು ಒಂದು ಪಕ್ಷ. ಅದನ್ನು ಒಪ್ಪಿದರೆ ೧೯೮೦ರ ಆ ಶ್ರೇಷ್ಠ ಮುದ್ರಿಕೆ ಯಾರದಾಯಿತು? ಎಂದೂ ಬಿಡದೆ ಹತ್ತೊಂಬತ್ತು ಮುದ್ರಿಕೆಗಳಲ್ಲಿಯೂ ನಿಂತ ಒಬ್ಬರದು ಎನ್ನುವುದು ಎರಡನೆಯ ಪಕ್ಷ. ಅಯೋಮಿಯವರ ನಿಷ್ಠೆ ದೊಡ್ಡದು. ಅವರು ಹಿಡಿದು ನಿಲ್ಲದೆ ಹೋಗಿದ್ದರೆ ಮರಳಿ ಬರುವವರಿಗೆ ಮನೆಯೇ ಇರುತ್ತಿರಲಿಲ್ಲ. ಆದರೆ ದೀಪವನ್ನು ಕಾಯ್ದವನು ಎಣ್ಣೆಯೆರೆದವರೆಲ್ಲರ ಲೆಕ್ಕವನ್ನೂ ಇಡಬೇಕಾಗುತ್ತದೆ. ಹಣ ಕೊಟ್ಟು ಕೇಳುವ ಜನರದು ಎನ್ನುವುದು ಮೂರನೆಯ ಪಕ್ಷ. ಜನರ ನೆನಪು ಪ್ರಬಲವಾದದ್ದು, ಆದರೆ ಪಕ್ಷಪಾತಿ. ತಾನು ತಾರುಣ್ಯದಲ್ಲಿ ಕೇಳಿದ್ದನ್ನೇ ಅದು ಅಸಲಿಯೆನ್ನುತ್ತದೆ.

ನಮ್ಮ ನಾಡಿನ ಯಕ್ಷಗಾನ ಮೇಳಗಳ ಮಾತು ಇಲ್ಲಿ ನೆನಪಾಗುವುದು ಸಹಜ. ಕಟೀಲು, ಮಂದಾರ್ತಿ, ಧರ್ಮಸ್ಥಳ ಮುಂತಾದ ಮೇಳಗಳಲ್ಲಿ ತಿರುಗಾಟದಿಂದ ತಿರುಗಾಟಕ್ಕೆ ಭಾಗವತರು ಬದಲಾಗುತ್ತಾರೆ, ವೇಷಧಾರಿಗಳು ಮೇಳದಿಂದ ಮೇಳಕ್ಕೆ ಹೋಗುತ್ತಾರೆ. ಮೇಳದ ಹೆಸರಿಗೆ ಊನ ಬರುವುದಿಲ್ಲ. ಏಕೆಂದರೆ ಅಲ್ಲಿ ಹೆಸರು ಕ್ಷೇತ್ರದ್ದು. ಕಲಾವಿದರು ಯಾರೂ ಅದರ ಒಡೆಯರಲ್ಲ, ಎಲ್ಲರೂ ಸೇವಕರು. ಪಾಶ್ಚಾತ್ಯ ವಾದ್ಯವೃಂದಕ್ಕೆ ಅಂತಹ ದೈವದ ಆಸರೆ ಇಲ್ಲ. ಅಲ್ಲಿ ಹೆಸರಿಗೆ ಇರುವುದು ಕರಾರು, ವ್ಯಾಪಾರ ಚಿಹ್ನೆ, ವಕೀಲರು. ಆದಕಾರಣ ಅಲ್ಲಿ ಹೆಸರನ್ನು ಸೊತ್ತೆಂದು ಬಗೆದರೆ ಜಗಳ ತೀರದು. ನ್ಯಾಸವೆಂದು ಬಗೆದರೆ ಮಾತ್ರ ತೀರೀತು. ಇದೇ ನಮ್ಮ ಅಭಿಪ್ರಾಯ. ಹೆಸರನ್ನು ಹಿಡಿದವನು ಅದರ ಒಡೆಯನಲ್ಲ, ಧರ್ಮದರ್ಶಿ. ಅದರ ಅಡಿಯಲ್ಲಿ ದುಡಿದವರೆಲ್ಲರಿಗೂ ಅವನು ಲೆಕ್ಕ ಒಪ್ಪಿಸತಕ್ಕವನು.

ಇದಕ್ಕೆ ಒಂದು ಆಕ್ಷೇಪವುಂಟು. ಎಲ್ಲರಿಗೂ ಸಮಾನ ಮನ್ನಣೆ ಕೊಡುತ್ತ ಹೋದರೆ ಶ್ರೇಷ್ಠವಾದುದಕ್ಕೂ ಸಾಮಾನ್ಯವಾದುದಕ್ಕೂ ಭೇದವುಳಿಯದು ಎಂದು ಕೆಲವರು ಹೇಳಿಯಾರು. ನಾವು ಕೇಳುವುದು ಸಮಾನ ಹೊಗಳಿಕೆಯನ್ನಲ್ಲ. ೧೯೭೦ರ ಎರಡು ಮುದ್ರಿಕೆಗಳ ಎತ್ತರಕ್ಕೆ ೧೯೯೫ರದನ್ನು ಏರಿಸಬೇಕೆಂದು ಯಾವ ರಸಿಕನೂ ಹೇಳಲಾರ. ಹೊಗಳಿಕೆ ವಿಮರ್ಶೆಗೆ ಸಂಬಂಧಿಸಿದ್ದು. ಅದು ಹೆಚ್ಚು ಕಡಮೆಯಾಗಬಹುದು, ಆಗಲೇಬೇಕು. ಆದರೆ ದಾಖಲೆ ನ್ಯಾಯಕ್ಕೆ ಸಂಬಂಧಿಸಿದ್ದು. ಅದರಲ್ಲಿ ಹೆಚ್ಚು ಕಡಮೆಗೆ ಅವಕಾಶವಿಲ್ಲ. ಹಾಡಿದವನ ಹೆಸರು ಹಾಡಿದವನದೆಂದೇ ಇರಬೇಕು; ಅವನ ಮುದ್ರಿಕೆ ಕೇಳಬೇಕೆನ್ನುವವನಿಗೆ ದೊರೆಯಬೇಕು; ಗೌರವಿಸುವ ಸಂಸ್ಥೆಗಳು ಇಡೀ ಚರಿತ್ರೆಯನ್ನು ಓದಿ ಗೌರವಿಸಬೇಕು. ಮೆಚ್ಚುವುದು ಬಿಡುವುದು ಕೇಳುಗನ ಇಚ್ಛೆ. ಕೇಳುವ ಅವಕಾಶವನ್ನೇ ಇಲ್ಲವಾಗಿಸುವುದು ಮಾತ್ರ ಅನ್ಯಾಯ.

ವಿಲ್ಲಾ ಪಾರ್ಕಿನ ಸಂಜೆಯಲ್ಲಿ ಒಂದು ಸಮಾಧಾನವಿತ್ತು. ಕರಾರಿಗೆ ಸಹಿ ಹಾಕದೆ ಹೋದ ವಾರ್ಡ್ ಅಂದು ತಮ್ಮ ಸ್ಥಾನದಲ್ಲಿ ಕುಳಿತಿದ್ದರು. ಒಮ್ಮೆ ತಾವೇ ಹೊರಹಾಕುವ ವಾರ್ತೆ ತಿಳಿಸಿದ ಗೆಳೆಯನ ಹಾಡಿಗೆ ಕೊನೆಯ ಸಲ ತಾಳ ಹಾಕಿದರು. ಹೆಸರಿಗಾಗಿ ನ್ಯಾಯಾಲಯಕ್ಕೆ ಹೋಗಿದ್ದ ಇಬ್ಬರು ಒಂದೇ ರಂಗದ ಮೇಲಿದ್ದರು. ಆ ಪುನರ್ಮಿಲನದ ಹಿರಿಮೆಯನ್ನು ನಾವು ಕಡೆಗಣಿಸುವುದಿಲ್ಲ. ಆದರೆ ಆ ರಂಗಕ್ಕೆ ಹಿಂದೆ ಕಾವಲಿದ್ದವರು ಹಲವರು: ಹಾಡು ಹಾಡಲಾಗದೆ ಹೋದ ವಾಕರ್, ಎತ್ತರಕ್ಕೆ ಒಯ್ದ ಡಿಯೊ, ಬಡತನದ ದಿನಗಳಲ್ಲಿ ದನಿಯಾದ ಮಾರ್ಟಿನ್, ಪರದೆಯ ಹಿಂದೆ ಕುಳಿತ ನಿಕೋಲ್ಸ್. ಬ್ರಾಡ್ ಸ್ಟ್ರೀಟಿನ ಬೆಂಚಿನ ಮೇಲೆ ಕೂಡುವವರು ನಾಲ್ಕು ಮುಖಗಳನ್ನು ನೋಡಿ ಸಂತೋಷಪಡಲಿ. ಅವರ ನಡುವೆ ಒಂದಿಷ್ಟು ಸ್ಥಳ ಬರಿದಾಗಿ ಕಂಡರೆ, ಅದು ಇವರದೆಂದು ನೆನೆಯಲಿ.